ಮಹಾಕವಿ ರತ್ನಾಕರವರ್ಣಿ ಮತ್ತು ಶ್ರಾವಕ ಸಮಾಜ

ಜೈನಕಾಶಿಯೆಂದು ಪ್ರಸಿದ್ಧವಾದ ಮೂಡಬಿದಿರೆಯು ಹದಿನೆಂಟು ಬಸದಿಗಳ ಪುಣ್ಯಕ್ಷೇತ್ರ. 1430ರಲ್ಲಿ ಅಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿಯು ತಲೆಯೆತ್ತಿತು. ಜನರು ಅದನ್ನು ಸಾವಿರ ಕಂಬದ ಬಸದಿಯೆಂದು ಕರೆಯುತ್ತಾರೆ. ಎರಡು ವರ್ಷಗಳ ಅನಂತರ, 1432ರಲ್ಲಿ, ಸಮೀಪದ ಕಾರ್ಕಳದ ಬೆಟ್ಟದ ಮೇಲೆ ವೀರಪಾಂಡ್ಯನು ಸುಮಾರು 42 ಅಡಿ ಎತ್ತರದ ಬಾಹುಬಲಿ ಸ್ವಾಮಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿದನು. ರಾಜರ ಆಶ್ರಯ, ವರ್ತಕ ಶ್ರಾವಕರ ದಾನ, ಶಿಲ್ಪಿಗಳ ಉಳಿ, ಭಟ್ಟಾರಕರ ಮಾರ್ಗದರ್ಶನ ಇವೆಲ್ಲ ಒಂದೆಡೆ ಕೂಡಿದ್ದ ಆ ನಾಡಿನಲ್ಲಿ, ಇದಾದ ನೂರು ವರ್ಷಗಳ ತರುವಾಯ, ಕಲ್ಲನ್ನಾಗಲಿ ಲೋಹವನ್ನಾಗಲಿ ಮುಟ್ಟದೆ ಕೇವಲ ಹಾಡಿನಿಂದ ಮನೆಮನೆಯಲ್ಲಿಯೂ ಒಂದೊಂದು ಬಸದಿಯನ್ನು ಕಟ್ಟಿದವನು ಮಹಾಕವಿ ರತ್ನಾಕರವರ್ಣಿ.

ಕ್ಷತ್ರಿಯ ವಂಶದಲ್ಲಿ ದೇವರಾಜನೆಂಬವನ ಮಗನಾಗಿ ಹುಟ್ಟಿದ ರತ್ನಾಕರನು ಹದಿನಾರನೆಯ ಶತಮಾನದವನು. ಅವನ ತ್ರಿಲೋಕಶತಕದಲ್ಲಿ ಶಕವರ್ಷ 1479, ಎಂದರೆ ಕ್ರಿ.ಶ. 1557, ದಾಖಲಾಗಿದೆ. ಬಾಲ್ಯದಲ್ಲಿಯೇ ಕಾವ್ಯ, ಅಲಂಕಾರ, ಸಂಗೀತ, ಅಧ್ಯಾತ್ಮ ಗ್ರಂಥಗಳನ್ನು ಅಭ್ಯಾಸಮಾಡಿ, ಕಾರ್ಕಳದ ಭೈರರಸ ಒಡೆಯರ ಆಸ್ಥಾನದಲ್ಲಿ ಶೃಂಗಾರಕವಿ ಎನಿಸಿಕೊಂಡನು. ಯೋಗಾಭ್ಯಾಸದಲ್ಲಿಯೂ ಅವನಿಗೆ ಆಸಕ್ತಿಯಿತ್ತು. ರತ್ನಾಕರಸಿದ್ಧ, ರತ್ನಾಕರ ಅಣ್ಣ ಎಂಬ ಹೆಸರುಗಳೂ ಅವನಿಗೆ ಸಲ್ಲುತ್ತವೆ. ಊರಿನ ಜನ ಕವಿಯೊಬ್ಬನನ್ನು ಅಣ್ಣ ಎಂದು ಕರೆಯಬೇಕಾದರೆ ಅವನು ಅವರ ಜಗಲಿಯಲ್ಲಿ ಕುಳಿತು ಮಾತನಾಡಿದವನೇ ಆಗಿರಬೇಕು.

ಕವಿಯ ಜೀವನದ ಬಗೆಗೆ ಇಂದು ಹೇಳಿಬರುವ ಕಥೆಗಳಿಗೆ ಮುಖ್ಯ ಆಧಾರ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕನಕಗಿರಿಯ ದೇವಚಂದ್ರನು ಬರೆದ ರಾಜಾವಳೀಕಥೆ. ಕವಿಯ ಕಾಲಕ್ಕೂ ಈ ಗ್ರಂಥದ ಕಾಲಕ್ಕೂ ಮುನ್ನೂರು ವರ್ಷಗಳಿಗೆ ಸಮೀಪದ ಅಂತರವಿರುವುದರಿಂದ ಅದರ ಮಾತನ್ನೆಲ್ಲ ಶಾಸನದ ಮಾತಿನಂತೆ ನಂಬುವುದು ಸಾಧ್ಯವಿಲ್ಲ. ಆದರೂ ಪೂರ್ತಿಯಾಗಿ ತಳ್ಳಿಹಾಕುವುದು ಕೂಡ ಸರಿಯಲ್ಲ. ಆಸ್ಥಾನದಲ್ಲಿದ್ದಾಗ ಅರಸನ ಮಗಳು ಈ ಕವಿಯಲ್ಲಿ ಅನುರಕ್ತಳಾದಳೆಂದೂ, ಯೋಗಬಲದಿಂದ ಅವನು ಅರಮನೆಯ ಉಪ್ಪರಿಗೆಯನ್ನು ಸೇರುತ್ತಿದ್ದನೆಂದೂ, ವಿಷಯ ಹೊರಬಿದ್ದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದು ಮಹೇಂದ್ರಕೀರ್ತಿಗಳಲ್ಲಿ ಅಣುವ್ರತವನ್ನು ಸ್ವೀಕರಿಸಿದನೆಂದೂ ದೇವಚಂದ್ರನು ಹೇಳುತ್ತಾನೆ. ಉಪ್ಪರಿಗೆಯ ಮಾತು ಹೇಗಾದರೂ ಇರಲಿ; ಭೋಗವನ್ನು ಹತ್ತಿರದಿಂದ ಕಂಡು, ಅದರ ನಡುವೆಯೇ ತ್ಯಾಗದ ದಾರಿಯನ್ನು ಹುಡುಕಿದ ಮನಸ್ಸು ಇದು ಎಂಬುದಕ್ಕೆ ಅವನ ಕಾವ್ಯವೇ ಸಾಕ್ಷಿ.

ಆ ಕಾಲದ ಸಾಮಾನ್ಯ ಶ್ರಾವಕರ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಆದಿತೀರ್ಥಂಕರರ ಚರಿತ್ರೆಯು ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಲ್ಲಿ ಇತ್ತು. ಕನ್ನಡದಲ್ಲಿ ಆದಿಕವಿ ಪಂಪನು 941ರಲ್ಲಿಯೇ ಆದಿಪುರಾಣವನ್ನು ರಚಿಸಿದ್ದನು. ಆದರೆ ಪಂಪನದು ಚಂಪೂಕಾವ್ಯ. ಹಳಗನ್ನಡದ ಪ್ರೌಢ ವೃತ್ತಗಳನ್ನು ಬಿಡಿಸಿ ಅರ್ಥ ಹೇಳಲು ಪಂಡಿತರೇ ಬೇಕು. ಆರುನೂರು ವರ್ಷಗಳಲ್ಲಿ ಜನರ ಆಡುಮಾತು ಬಹಳ ದೂರ ಸರಿದಿತ್ತು. ಮೂಡಬಿದಿರೆಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಬಂಧಗಳಂತಹ ಅಮೂಲ್ಯ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಭದ್ರವಾಗಿದ್ದವು. ಅವು ಪ್ರಾಕೃತ, ಸಂಸ್ಕೃತಗಳಲ್ಲಿದ್ದವು; ಯಾತ್ರಿಕರು ದೂರದಿಂದ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಅವುಗಳ ಪ್ರತಿಯೆತ್ತುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾಗಿ, ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಷ್ಟು ಶತಮಾನಗಳ ಕಾಲ ಆ ಓಲೆಗಳನ್ನು ಹುಳುವಿನಿಂದ, ಬೆಂಕಿಯಿಂದ ಕಾಪಾಡಿದ ಹಿರಿಯರಿಗೆ ಸಮಾಜವು ಋಣಿಯಾಗಿದೆ. ಆದರೆ ಪೆಟ್ಟಿಗೆಯಲ್ಲಿರುವ ಬಂಡವಾಳ ವ್ಯಾಪಾರಕ್ಕೆ ಬಾರದು. ಗದ್ದೆ ಮಾಡಿಸುವ ಗೃಹಸ್ಥನಿಗೆ, ಮೆಣಸು ಅಕ್ಕಿಗಳ ಲೆಕ್ಕದಲ್ಲಿ ಮುಳುಗಿದ ಸೆಟ್ಟಿಗೆ, ಒಲೆಯ ಮುಂದಿನ ಗೃಹಿಣಿಗೆ ತಿಳಿಯುವ ಮಾತಿನಲ್ಲಿ ಆತ್ಮವಿಚಾರ ದೊರೆಯಬೇಕಾಗಿತ್ತು.

ಇಂತಹ ಜನರಿಗಾಗಿ ರತ್ನಾಕರನು ಸಾಂಗತ್ಯವನ್ನು ಆರಿಸಿಕೊಂಡನು. ಸಾಂಗತ್ಯವೆಂಬುದು ನಾಲ್ಕು ಸಾಲಿನ ದೇಶೀ ಛಂದಸ್ಸು. ರಾಗವಾಗಿ ಹಾಡಲೆಂದೇ ಹುಟ್ಟಿದ ಮಟ್ಟು. ಒಂದು ತಂಬೂರಿಯಿದ್ದರೆ ಚೆಲುವು. ಇಲ್ಲದಿದ್ದರೂ ಹಾಡು ನಿಲ್ಲುವುದಿಲ್ಲ. ನಾಲ್ಕು ಪದ್ಯ ಕೇಳಿದವರು ಐದನೆಯದಕ್ಕೆ ತಾವೇ ದನಿಗೂಡಿಸಬಹುದು. ಅವನಿಗಿಂತ ಹಿಂದಿನ ಕವಿಗಳೂ ಇದನ್ನು ಬಳಸಿದ್ದರು. ಆದರೆ ಸುಮಾರು 10,000 ಪದ್ಯಗಳ, 80 ಸಂಧಿಗಳ ಮಹಾಕಾವ್ಯವನ್ನು ಈ ಹಗುರವಾದ ಮಟ್ಟಿನ ಮೇಲೆ ನಿಲ್ಲಿಸಿದ ಸಾಹಸ ಇವನದೇ. ಅದುವೇ ಭರತೇಶ ವೈಭವ. ಇದನ್ನು ಒಂಬತ್ತು ತಿಂಗಳಲ್ಲಿ ಮುಗಿಸಿದನೆಂದು ಪ್ರತೀತಿ. ಕನ್ನಡಿಗರು, ತೆಲುಗರು, ತುಳುವರು ತಮ್ಮತಮ್ಮ ಮಾತಿನಲ್ಲಿ ತಲೆದೂಗಿ ಮೆಚ್ಚುವಂತೆ ಕಥೆ ಹೇಳಬೇಕೆಂಬ ಹಂಬಲವನ್ನು ಅವನು ಕಾವ್ಯದ ಆರಂಭದಲ್ಲಿಯೇ ತೋಡಿಕೊಂಡಿದ್ದಾನೆ. ಮನೆಯಲ್ಲಿ ತುಳುವನ್ನಾಡುವ ನೆರೆಹೊರೆಯವರನ್ನು ಅವನು ಮರೆತಿರಲಿಲ್ಲ.

ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಅರ್ಕಕೀರ್ತಿವಿಜಯ, ಮೋಕ್ಷವಿಜಯ ಎಂದು ಐದು ಭಾಗಗಳುಳ್ಳ ಈ ಕಾವ್ಯದ ನಾಯಕನು ವೃಷಭನಾಥ ಸ್ವಾಮಿಯ ಮಗನಾದ ಭರತ ಚಕ್ರವರ್ತಿ. ಕಾವ್ಯವು ಯುದ್ಧದಿಂದ ಮೊದಲಾಗುವುದಿಲ್ಲ. ಅಯೋಧ್ಯೆಯ ಆಸ್ಥಾನದಲ್ಲಿ ಸಂಗೀತ ನಡೆಯುತ್ತದೆ. ಬಳಿಕ ಷಟ್ಖಂಡದ ಒಡೆಯನು ಸಾಮಾನ್ಯ ಶ್ರಾವಕನಂತೆ ಬಾಗಿಲಿಗೆ ಬಂದು ಮುನಿಗಳ ಆಗಮನವನ್ನು ಎದುರುನೋಡುತ್ತ ನಿಲ್ಲುತ್ತಾನೆ. ಅವರಿಗೆ ಭಕ್ತಿಯಿಂದ ಆಹಾರದಾನ ಮಾಡಿದ ಮೇಲೆಯೇ ತಾನು ಊಟಕ್ಕೆ ಕೂಡುತ್ತಾನೆ. ಊಟ, ಮಾತುಕತೆ, ರಾಣಿಯರ ಹಾಡು, ನಾಟ್ಯ, ಮಕ್ಕಳ ಲಾಲನೆ ಎಲ್ಲವೂ ಇಲ್ಲಿ ವಿಸ್ತಾರವಾಗಿ ಬರುತ್ತವೆ. ಇವೆಲ್ಲದರ ನಡುವೆ ಬಿಡುವು ಸಿಕ್ಕೊಡನೆ ಚಕ್ರವರ್ತಿ ಕಣ್ಣುಮುಚ್ಚಿ ತನ್ನೊಳಗಿನ ಹಂಸನನ್ನು, ಆತ್ಮನನ್ನು, ನೋಡುತ್ತಾನೆ. ತೊಂಬತ್ತಾರು ಸಾವಿರ ರಾಣಿಯರ ಗಂಡನಾಗಿಯೂ ಅವನು ಕಮಲದೆಲೆಯ ಮೇಲಿನ ನೀರಿನಂತೆ ಇದ್ದಾನೆ. ಕೊನೆಗೆ ದೀಕ್ಷೆ ವಹಿಸಿದ ಅಂತರ್ಮುಹೂರ್ತದಲ್ಲಿಯೇ, ಎಂದರೆ ಎರಡು ಗಳಿಗೆಯ ಒಳಗೆ, ಅವನಿಗೆ ಕೇವಲಜ್ಞಾನ ಉಂಟಾಗುತ್ತದೆ. ಸಂಸಾರದಲ್ಲಿ ಇದ್ದುಕೊಂಡು ಮಾಡಿದ ಸಾಧನೆಯೂ ವ್ಯರ್ಥವಲ್ಲವೆಂಬುದನ್ನು ಗೃಹಸ್ಥರಿಗೆ ಇಷ್ಟು ಧೈರ್ಯ ಬರುವಂತೆ ಹೇಳಿದ ಕಾವ್ಯ ಕನ್ನಡದಲ್ಲಿ ಮತ್ತೊಂದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ತಕ್ಕಡಿ ಹಿಡಿದವನಿಗೂ ಭರತನ ದಿನಚರಿಯಲ್ಲಿ ತನಗೊಂದು ಎಡೆ ಕಾಣುತ್ತದೆ.

ಪೂರ್ವಾಚಾರ್ಯರ ಕಥೆಯನ್ನು ರತ್ನಾಕರನು ಕೆಲವೆಡೆ ಧಾರಾಳವಾಗಿ ಬದಲಿಸಿದನು. ಜಿನಸೇನರಲ್ಲಿಯೂ ಪಂಪನಲ್ಲಿಯೂ ಭರತ-ಬಾಹುಬಲಿಯರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದು ಭರತನು ಸೋಲುತ್ತಾನೆ. ಕೋಪದಿಂದ ತಮ್ಮನ ಮೇಲೆ ಚಕ್ರವನ್ನು ಬಿಡುತ್ತಾನೆ. ರತ್ನಾಕರನ ಭರತನಾದರೋ ಯುದ್ಧಕ್ಕೆ ಮುಂದಾಗದೆ ಒಳ್ಳೆಯ ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ನಾಚಿದ ಬಾಹುಬಲಿ ತಪಸ್ಸಿಗೆ ತೆರಳುತ್ತಾನೆ. ಆಸ್ತಿಯ ವ್ಯಾಜ್ಯದಲ್ಲಿ ಅಣ್ಣತಮ್ಮಂದಿರು ಮುಖ ನೋಡದಂತಾಗುವುದು ಯಾವ ಕಾಲದ ಸಮಾಜಕ್ಕೂ ಹೊಸದಲ್ಲ. ಅಂತಹ ಮನೆಗಳಲ್ಲಿ ಈ ಸಂಧಿಯನ್ನು ಹಾಡುವುದಕ್ಕೂ ಚಕ್ರಪ್ರಯೋಗದ ಪ್ರಸಂಗವನ್ನು ಓದುವುದಕ್ಕೂ ವ್ಯತ್ಯಾಸವುಂಟು. ಆದರೆ ಶಾಸ್ತ್ರವನ್ನು ಅಕ್ಷರಶಃ ರಕ್ಷಿಸುವ ಹೊಣೆ ಹೊತ್ತವರಿಗೆ ಇಂತಹ ಸ್ವಾತಂತ್ರ್ಯ ಸುಲಭವಾಗಿ ಒಪ್ಪಿಗೆಯಾಗುವಂತಹುದಲ್ಲ.

ತೊಡಕು ಬಂದದ್ದು ಇಲ್ಲಿಯೇ. ದೇವಚಂದ್ರನ ಪ್ರಕಾರ, ಕಾವ್ಯ ಮುಗಿದಾಗ ಅದನ್ನು ಆನೆಯ ಮೇಲಿರಿಸಿ ಮೆರವಣಿಗೆ ಮಾಡಿಸಬೇಕೆಂದು ಕವಿಯು ಭಟ್ಟಾರಕರಾದ ವಿಜಯಕೀರ್ತಿಗಳನ್ನು ಕೇಳಿಕೊಂಡನು. ಕಾವ್ಯದ ಎರಡು ಮೂರು ಕಡೆ ಶಾಸ್ತ್ರವಿರುದ್ಧವಾದ ಮಾತುಗಳಿರುವುದರಿಂದ ಅದು ಸಾಧ್ಯವಿಲ್ಲವೆಂದು ಅವರು ತಿಳಿಸಿದರು. ಕವಿಗೆ ಸಿಟ್ಟು ಬಂದಿತು. ಮಾತಿಗೆ ಮಾತು ಬೆಳೆಯಿತು. ಇವನಿಗೆ ಯಾರೂ ಅನ್ನವಿಕ್ಕಬಾರದೆಂದು ಏಳುನೂರು ಶ್ರಾವಕರ ಮನೆಗಳಿಗೆ ಕಟ್ಟಪ್ಪಣೆ ಹೋಯಿತು. ಏಳುನೂರು ಮನೆಗಳೂ ಬಾಗಿಲು ಮುಚ್ಚಿದವು. ಅವನ ಅಕ್ಕನ ಮನೆಯೊಂದು ಮಾತ್ರ ಮುಚ್ಚಲಿಲ್ಲ. ಅವಳ ಹೆಸರನ್ನು ಯಾವ ಗ್ರಂಥವೂ ಉಳಿಸಿಲ್ಲ. ಕಟ್ಟಪ್ಪಣೆ ಮೀರಿದವರಿಗೂ ಅದೇ ಶಿಕ್ಷೆ ತಟ್ಟುವ ಭಯವಿದ್ದರೂ ಅವಳು ತಮ್ಮನಿಗೆ ಅನ್ನವಿಕ್ಕಿದಳು.

ಎರಡು ಕಡೆಯೂ ಪೂರ್ತಿ ತಪ್ಪಿತ್ತೆಂದು ಹೇಳಲಾಗದು. ಸಂಪ್ರದಾಯವನ್ನು ಕಾಯುವ ಪೀಠ ಒಂದು ಕಡೆ, ಕಾಯುವುದಕ್ಕೆ ಜನರೇ ಉಳಿಯಬೇಕಾದರೆ ಅವರ ಮಾತಿನಲ್ಲಿ ಹೇಳಬೇಕೆಂದ ಕವಿ ಮತ್ತೊಂದು ಕಡೆ. ಆದರೂ ದೋಷವಿದ್ದರೆ ತಿದ್ದಬಹುದಾಗಿತ್ತು, ಮೆರವಣಿಗೆ ನಿಲ್ಲಿಸಬಹುದಾಗಿತ್ತು. ಮುನಿಗಳಿಗೆ ಆಹಾರವಿಕ್ಕುವ ಭರತನನ್ನು ಹಾಡಿದವನಿಗೇ ಆಹಾರ ನಿಲ್ಲಿಸಿದ್ದು ಸಮಾಜಕ್ಕೆ ಭೂಷಣವಾಗಲಿಲ್ಲ. ಅವಮಾನದಿಂದ ಬೆಂದ ಕವಿಯು ಲಿಂಗಧಾರಣೆ ಮಾಡಿಸಿಕೊಂಡು ವೀರಶೈವನಾದನೆಂದೂ, ಬಸವಪುರಾಣ ಮೊದಲಾದವನ್ನು ರಚಿಸಿದನೆಂದೂ ರಾಜಾವಳೀಕಥೆ ಹೇಳುತ್ತದೆ. ಮುಂದೆ ಅವನು ಜಿನಧರ್ಮಕ್ಕೆ ಮರಳಿದನೆಂಬುದು ಪರಂಪರೆಯ ನಂಬಿಕೆ.

ರತ್ನಾಕರಾಧೀಶ್ವರ ಶತಕ, ಅಪರಾಜಿತೇಶ್ವರ ಶತಕ, ತ್ರಿಲೋಕಶತಕಗಳು ಅವನ ಇತರ ಕೃತಿಗಳು. ಮೊದಲಿನ ಎರಡರಲ್ಲಿ ನೀತಿ, ವೈರಾಗ್ಯ, ಆತ್ಮವಿಚಾರಗಳೂ ಮೂರನೆಯದರಲ್ಲಿ ಜೈನ ಆಗಮೋಕ್ತವಾದ ಲೋಕಸ್ವರೂಪವೂ ವರ್ಣಿತವಾಗಿವೆ. ಶತಕಗಳಲ್ಲಿ ಸ್ವಾಮಿಯ ಮುಂದೆ ನಿಂತು ತನ್ನ ಮನಸ್ಸಿನ ಕೊಳೆಯನ್ನು ತಾನೇ ಬಿಚ್ಚಿಡುವ ಧಾಟಿಯಿದೆ. ಇವಲ್ಲದೆ ಅಣ್ಣಗಳ ಪದಗಳೆಂದು ಹೆಸರಾದ ಅಧ್ಯಾತ್ಮಗೀತೆಗಳನ್ನು ಎರಡು ಸಾವಿರದಷ್ಟು ಕಟ್ಟಿದನೆಂದು ಹೇಳಿಕೆ. ಓದು ಬರಹ ಕಲಿಯದವರಿಗೂ ಬಾಯಿಂದ ಬಾಯಿಗೆ ದಾಟಬಲ್ಲವು ಇವು. ಸಣ್ಣ ಹಾಡಿಗೆ ಓಲೆಯೂ ಬೇಡ, ಕಂಠವೂ ಬೇಡ. ಸಂಜೆಯ ಆರತಿಯ ಹೊತ್ತಿಗೆ ನೆನಪಾದರೆ ಸಾಕು.

1586ರಲ್ಲಿ ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿ ಬಿಂಬದ ಪ್ರತಿಷ್ಠೆಯಾಯಿತು. ಅರಸುಮನೆತನಗಳು ಮುಂದೆ ಒಂದೊಂದಾಗಿ ಅಳಿದವು. ಭರತೇಶ ವೈಭವವೋ, ಯಾವ ಅರಸನ ಕಾವಲೂ ಇಲ್ಲದೆ, ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾಗಿ ನಾಡಿನ ಕಾಲೇಜುಗಳ ಪಠ್ಯವನ್ನು ಸೇರಿತು. ಸೊಲ್ಲಾಪುರದ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು ಹಿಂದಿಗೆ ಅನುವಾದಿಸಿದುದರಿಂದ ಕನ್ನಡ ಬಾರದ ಉತ್ತರದ ಶ್ರಾವಕರಿಗೂ ಭರತನ ಪರಿಚಯವಾಯಿತು.

ಈಗ ತುಳುನಾಡಿನ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿನ ಹೊರವಲಯಕ್ಕೆ, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯ ಬಡಾವಣೆಗಳಿಗೆ ಬಂದು ನೆಲಸಿದ್ದಾರೆ. ಪ್ರೌಢ ಚಂಪುವನ್ನು ಓದಲು ಅಲ್ಲಿ ಪುರಸೊತ್ತಿಲ್ಲ. ಸಾಂಗತ್ಯಕ್ಕೆ ಅಷ್ಟು ಪುರಸೊತ್ತು ಬೇಡ. ಪರ್ಯೂಷಣದ ದಿನಗಳಲ್ಲಿ ಊರಿನಿಂದ ಬಂದ ಅಜ್ಜಿಯೊಬ್ಬರು ಮುನಿಭುಕ್ತಿ ಸಂಧಿಯನ್ನು ರಾಗವಾಗಿ ಎತ್ತಿದರೆ, ಕನ್ನಡ ಅಕ್ಷರ ಸರಿಯಾಗಿ ಬಾರದ ಮೊಮ್ಮಗುವೂ ಎರಡನೆಯ ಪದ್ಯಕ್ಕೆ ಹತ್ತಿರ ಬಂದು ಕೂಡುತ್ತದೆ. ಚಕ್ರವರ್ತಿ ಬಾಗಿಲಲ್ಲಿ ಏಕೆ ನಿಂತಿದ್ದಾನೆಂದು ಕೇಳುತ್ತದೆ.