457 ಮುಖಗಳ ಚಿತ್ರಕಾರ

ನಮ್ಮ ಶಾಲೆಯ ಸುವರ್ಣ ಮಹೋತ್ಸವಕ್ಕೆ ಒಂದು ದೊಡ್ಡ ಚಿತ್ರ ಮಾಡಿಕೊಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದಾಗ, ಒಂಬತ್ತನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಮಾಡುವುದಾಗಿ ನಾನು ಒಪ್ಪಿಕೊಂಡೆ. ಈ ಐವತ್ತು ವರ್ಷಗಳಲ್ಲಿ ಶಾಲೆಗಾಗಿ ದುಡಿದವರೆಲ್ಲ ಒಂದೇ ಚಿತ್ರದಲ್ಲಿ ಇರಬೇಕು ಎಂಬುದು ನಮ್ಮ ಆಸೆ. ಮೊದಲು ಡಿಜಿಟಲ್ ಕ್ಯಾಮೆರಾದಲ್ಲಿ ಒಬ್ಬೊಬ್ಬರ ಫೋಟೋ ತೆಗೆಯುವುದು, ಅದನ್ನು ಹಾಳೆಯ ಮೇಲೆ ಮುದ್ರಿಸಿ ಬಣ್ಣ ತುಂಬುವುದು, ಕೊನೆಗೆ ಎಲ್ಲವನ್ನೂ ಒಂದು ದೊಡ್ಡ ಹಲಗೆಯ ಮೇಲೆ ಜೋಡಿಸುವುದು ಎಂದು ಗೊತ್ತುಮಾಡಿದೆವು. ಮೊದಲ ದಿನವೇ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಫೋಟೋ ಇಟ್ಟುಕೊಂಡು ಚಿತ್ರ ಬರೆದರೆ ಅದು ಕಾಪಿ ಹೊಡೆದ ಹಾಗಲ್ಲವೇ ಎಂದು ಕೇಳಿದಳು. ಪರೀಕ್ಷೆಯಲ್ಲಿ ಕಾಪಿ ಹೊಡೆಯಬಾರದೆಂದು ವರ್ಷವಿಡೀ ಹೇಳುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮರುದಿನ ತರಗತಿಯಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಅವರ ಜೀವನವನ್ನು ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಹಿಲ್ 1802ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಪುಸ್ತಕ ವ್ಯಾಪಾರಿ, ಪ್ರಕಾಶಕರು. ಕಲ್ಲಚ್ಚಿನ ಮುದ್ರಣ ಕಲಿತ ಹಿಲ್, ಇಪ್ಪತ್ತರ ಆಸುಪಾಸಿನಲ್ಲೇ ತಮ್ಮ ಸೀಮೆಯ ಬೆಟ್ಟ ಹೊಳೆಗಳ ಚಿತ್ರಗಳನ್ನು ಅಚ್ಚು ಹಾಕಿಸಿದರು. ಎಡಿನ್‌ಬರೊ ನಗರದಲ್ಲಿ ಚಿತ್ರಕಲೆ ಕಲಿತು ನಿಸರ್ಗದೃಶ್ಯಗಳ ಚಿತ್ರಕಾರರೆಂದು ಹೆಸರು ಮಾಡಿದರು. ಅಲ್ಲಿನ ಕಲಾ ಅಕಾಡೆಮಿಗೆ 1830ರಿಂದ ಸುಮಾರು ನಲವತ್ತು ವರ್ಷ ಕಾರ್ಯದರ್ಶಿಯಾಗಿದ್ದರು. ಬೆಟ್ಟ, ಮರ, ನೀರು ಬರೆಯುವುದರಲ್ಲಿ ಪಳಗಿದ ಕೈ ಅವರದು. ಮನುಷ್ಯರ ಮುಖ ಬರೆಯುವುದು ಅವರ ಮುಖ್ಯ ಕಸುಬಾಗಿರಲಿಲ್ಲ.

1843ರ ಮೇ ತಿಂಗಳಲ್ಲಿ ಅವರ ಬದುಕು ತಿರುವು ಪಡೆಯಿತು. ಸ್ಕಾಟ್ಲೆಂಡಿನ ಚರ್ಚಿನಲ್ಲಿ ಬಹುಕಾಲದಿಂದ ಒಂದು ಜಗಳವಿತ್ತು. ಊರಿನ ಪಾದ್ರಿಯನ್ನು ಯಾರು ಆರಿಸಬೇಕು, ಜಮೀನ್ದಾರರೋ ಸಭೆಯ ಜನರೋ ಎಂಬುದೇ ಆ ಜಗಳ. ಜನರ ಪಕ್ಷ ಹಿಡಿದ 470ಕ್ಕೂ ಹೆಚ್ಚು ಪಾದ್ರಿಗಳು ಹಳೆಯ ಚರ್ಚನ್ನು ಬಿಟ್ಟು ಫ್ರೀ ಚರ್ಚ್ ಕಟ್ಟಿದರು. ರಾಜೀನಾಮೆಗೆ ಸಹಿ ಹಾಕಿದವರಿಗೆ ಸಂಬಳವೂ ಹೋಯಿತು, ಹೆಂಡತಿ ಮಕ್ಕಳೊಂದಿಗೆ ವಾಸವಿದ್ದ ಮನೆಯೂ ಹೋಯಿತು. ಇದನ್ನು ಕಂಡು ಹಿಲ್ ಅವರ ಮನಸ್ಸು ಕಲಕಿತು. ಸಹಿಯ ಆ ಸಭೆಯನ್ನು ಚಿತ್ರದಲ್ಲಿ ಉಳಿಸಲೇಬೇಕೆಂದು ಅವರು ಸಂಕಲ್ಪ ಮಾಡಿದರು. ಆದರೆ ನೂರಾರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮುಖ ಬರೆಯುವುದು ಹೇಗೆ? ಅವರೆಲ್ಲ ಬೇಗನೆ ಊರೂರಿಗೆ ಚದುರಿ ಹೋಗುವವರು.

ಆಗ ದಾರಿ ತೋರಿಸಿದವರು ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರ್. ನಮ್ಮ ಮಕ್ಕಳು ವಿಜ್ಞಾನ ಮೇಳಕ್ಕೆ ಕನ್ನಡಿ ಪಟ್ಟಿಯಿಂದಲೂ ಬಳೆ ಚೂರಿನಿಂದಲೂ ಮಾಡುವ ಕೆಲಿಡೋಸ್ಕೋಪ್ ಇವರು ಕಂಡುಹಿಡಿದದ್ದೇ. ಇಂಗ್ಲೆಂಡಿನ ಟಾಲ್ಬಟ್ ಅವರು ಕಾಗದದ ಮೇಲೆ ಫೋಟೋ ತೆಗೆಯುವ ಕ್ಯಾಲೊಟೈಪ್ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದಿದ್ದರು. ಸ್ಕಾಟ್ಲೆಂಡಿಗೆ ಆ ಪೇಟೆಂಟ್ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಅದನ್ನು ಚೆನ್ನಾಗಿ ಕಲಿತಿದ್ದ ರಾಬರ್ಟ್ ಆಡಮ್ಸನ್ ಎಂಬ ತರುಣನ ಬಳಿಗೆ ಬ್ರೂಸ್ಟರ್ ಹಿಲ್ ಅವರನ್ನು ಕಳುಹಿಸಿದರು. ಹಿಲ್ ಅವರಿಗೆ ಆಗ ವಯಸ್ಸು ನಲವತ್ತು ದಾಟಿತ್ತು. ಆಡಮ್ಸನ್ ಅವರಿಗೆ ಇಪ್ಪತ್ತೆರಡು, ಆರೋಗ್ಯವೂ ಅಷ್ಟಕ್ಕಷ್ಟೇ.

ಎಡಿನ್‌ಬರೊ ನಗರದ ಕಾಲ್ಟನ್ ಗುಡ್ಡದ ಮೇಲಿದ್ದ ರಾಕ್ ಹೌಸ್ ಎಂಬ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ತೊಡಗಿದರು. ಒಳ್ಳೆಯ ಕಾಗದಕ್ಕೆ ಬೆಳ್ಳಿಯ ಲವಣಗಳನ್ನು ಬಳಿದು ಕ್ಯಾಮೆರಾದೊಳಗೆ ಇಡಬೇಕು. ಮೂಡಿದ ನೆಗೆಟಿವ್ ಅನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಪ್ರತಿ ತೆಗೆಯಬೇಕು. ಬೆಳಕು ಸಾಲದೆಂದು ಕುರ್ಚಿ, ಮೇಜು, ಪರದೆಗಳನ್ನು ಅಂಗಳಕ್ಕೆ ತಂದು, ಕೋಣೆಯೊಳಗೆ ಕೂತಂತೆ ಜನರನ್ನು ಕೂರಿಸುತ್ತಿದ್ದರು. ಕೂತವರು ಎಷ್ಟೋ ಹೊತ್ತು ಅಲುಗಾಡುವಂತಿರಲಿಲ್ಲ. ಅದಕ್ಕೇ ಆ ಚಿತ್ರಗಳಲ್ಲಿ ಒಬ್ಬರು ಪುಸ್ತಕಕ್ಕೆ ಕೈ ಊರಿದ್ದರೆ, ಇನ್ನೊಬ್ಬರು ಗಲ್ಲಕ್ಕೆ ಕೈ ಕೊಟ್ಟಿರುತ್ತಾರೆ. ರಾಸಾಯನಿಕದ ಕೆಲಸ ಆಡಮ್ಸನ್ ಅವರದು. ಯಾರು ಎಲ್ಲಿ ಕೂರಬೇಕು, ಬೆಳಕು ಎಲ್ಲಿ ಬೀಳಬೇಕು ಎಂದು ನೋಡುವುದು ಹಿಲ್ ಅವರ ಕೆಲಸ. ಕಾಗದದ ನಾರಿನಿಂದಾಗಿ ಸಣ್ಣ ವಿವರಗಳು ಮೆತ್ತಗಾಗಿ, ದೊಡ್ಡ ನೆರಳು ಬೆಳಕು ಮಾತ್ರ ಗಟ್ಟಿಯಾಗಿ ನಿಲ್ಲುತ್ತಿದ್ದವು. ಕುಂಚದಿಂದ ಬರೆದಂತೆ ಕಾಣುವ ಆ ಗುಣವೇ ಚಿತ್ರಕಾರನ ಕಣ್ಣಿಗೆ ಹಿಡಿಸಿತು.

ಪಾದ್ರಿಗಳಿಂದ ಆರಂಭವಾದ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ನಗರದ ಪಕ್ಕದ ನ್ಯೂಹೇವನ್ ಎಂಬ ಮೀನುಗಾರರ ಹಳ್ಳಿಯ ಜನರ ಫೋಟೋಗಳನ್ನೂ ತೆಗೆದರು. ಬಲೆ ದೋಣಿಗಳ ಪಕ್ಕ ನಿಂತ ಗಂಡಸರು, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಬರಿಗಾಲಿನ ಹುಡುಗರು ಎಲ್ಲರೂ ಅವುಗಳಲ್ಲಿದ್ದಾರೆ. ದೊಡ್ಡ ಚಿತ್ರಕ್ಕೆ ಈ ಫೋಟೋಗಳು ಬೇಕಾಗಿರಲಿಲ್ಲ. ಆದರೂ ಪಾದ್ರಿಗಳನ್ನು ಎಷ್ಟು ಗೌರವದಿಂದ ಕಂಡಿದ್ದರೋ ಅಷ್ಟೇ ಗೌರವದಿಂದ ಇವರನ್ನೂ ಕಂಡರು. ನಾಲ್ಕೂವರೆ ವರ್ಷಗಳಲ್ಲಿ ಸುಮಾರು 3000 ಫೋಟೋಗಳಾದವು.

1848ರ ಜನವರಿಯಲ್ಲಿ ಆಡಮ್ಸನ್ ತೀರಿಕೊಂಡರು. ವಯಸ್ಸು ಇಪ್ಪತ್ತಾರು. ಹಿಲ್ ಅವರ ಫೋಟೋ ಕೆಲಸ ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ದೊಡ್ಡ ಚಿತ್ರ ಅರ್ಧಕ್ಕೇ ಉಳಿಯಿತು. ವರ್ಷಗಳು ಉರುಳಿದವು. ಸಭೆಯಲ್ಲಿದ್ದವರಲ್ಲಿ ಎಷ್ಟೋ ಜನ ಕಾಲವಾದರು. ಹಿಲ್ ಅವರ ಮೊದಲ ಪತ್ನಿ 1841ರಲ್ಲೇ ತೀರಿಕೊಂಡಿದ್ದರು. 1862ರಲ್ಲಿ ಅವರು ಶಿಲ್ಪಿ ಅಮೇಲಿಯಾ ಪೇಟನ್ ಅವರನ್ನು ಮದುವೆಯಾದರು. ಆಕೆಯ ಒತ್ತಾಸೆಯಿಂದ ಮತ್ತೆ ಕುಂಚ ಹಿಡಿದು, 1866ರಲ್ಲಿ ಚಿತ್ರ ಮುಗಿಸಿದರು. ಆರಂಭಿಸಿ ಇಪ್ಪತ್ತಮೂರು ವರ್ಷಗಳಾಗಿದ್ದವು. ಹನ್ನೊಂದು ಅಡಿಗೂ ಹೆಚ್ಚು ಅಗಲದ ಆ ಚಿತ್ರದಲ್ಲಿ 457 ಮುಖಗಳಿವೆ. ಗುಂಪಿನ ನಡುವೆ ಹಿಲ್ ತಾವೂ ಇದ್ದಾರೆ. ಹದಿನೆಂಟು ವರ್ಷಗಳ ಹಿಂದೆ ತೀರಿಕೊಂಡ ಗೆಳೆಯನನ್ನೂ ಕ್ಯಾಮೆರಾ ಸಮೇತ ಅಲ್ಲಿ ನಿಲ್ಲಿಸಿದ್ದಾರೆ. ಫ್ರೀ ಚರ್ಚ್ ಆ ಚಿತ್ರವನ್ನು ಪಡೆದುಕೊಂಡಿತು. 1870ರ ಮೇ ತಿಂಗಳಲ್ಲಿ ಹಿಲ್ ನಿಧನರಾದರು. ಅವರ ಸಮಾಧಿಯ ಮೇಲಿರುವ ಪ್ರತಿಮೆ ಅಮೇಲಿಯಾ ಅವರೇ ಮಾಡಿದ್ದು.

ಇಲ್ಲಿ ಒಂದು ಮಾತನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಆ ದೊಡ್ಡ ಚಿತ್ರವನ್ನು ಶ್ರೇಷ್ಠ ಕಲಾಕೃತಿ ಎಂದು ಹೆಚ್ಚಿನವರು ಒಪ್ಪುವುದಿಲ್ಲ. ಮುಖಗಳು ಒತ್ತೊತ್ತಾಗಿವೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದಂತೆ ಕೂತಿದ್ದಾರೆ. ಚಿತ್ರಕ್ಕೆ ಸಹಾಯವಾಗಲೆಂದು ತೆಗೆದ ಫೋಟೋಗಳನ್ನೇ ಇಂದು ಜಗತ್ತು ಕಲೆ ಎಂದು ಕಾಪಾಡಿಕೊಂಡಿದೆ. ಹಿಲ್ ತೀರಿಕೊಂಡ ಮೇಲೆ ಬಹುಮಟ್ಟಿಗೆ ಮರೆತುಹೋಗಿದ್ದ ಅವುಗಳನ್ನು 1905ರಲ್ಲಿ ಅಮೆರಿಕದ ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಒಬ್ಬೊಬ್ಬರನ್ನೂ ನಿಧಾನವಾಗಿ ನೋಡಿದ್ದರಿಂದ ಆ ಫೋಟೋಗಳು ಉಳಿದವು ಎಂದು ನನ್ನ ತಿಳಿವಳಿಕೆ. ಕಾಪಿ ಹೊಡೆಯುವವನು ನೋಡುವುದಿಲ್ಲ, ಗೀರಿಕೊಂಡು ಹೋಗುತ್ತಾನೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು.

ನಮ್ಮ ಕೆಲಸವೂ ಸುಲಭವಾಗಿ ಸಾಗಲಿಲ್ಲ. ಹೊಳಪಿನ ಫೋಟೋ ಕಾಗದಕ್ಕೆ ಹಚ್ಚಿದ ಬಣ್ಣ ಒಣಗಿ ಹಕ್ಕಳೆಯಂತೆ ಎದ್ದಿತು. ಇಂಕ್‌ಜೆಟ್ ಮುದ್ರಣ ನೀರು ತಾಗಿ ಕದಡಿತು. ಕೊನೆಗೆ ಡ್ರಾಯಿಂಗ್ ಹಾಳೆಯ ಮೇಲೆ ಕಪ್ಪು ಬಿಳುಪಿನಲ್ಲಿ ಲೇಸರ್ ಮುದ್ರಣ ಮಾಡಿಸಿ, ನೀರು ಬೆರೆಸಿದ ಫೆವಿಕಾಲ್ ಬಳಿದು, ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಿದೆವು. ಕಪ್ಪು ಬಿಳುಪಾದ್ದರಿಂದ ಒಂದು ಲಾಭವೂ ಆಯಿತು. ಸೀರೆಯ ಬಣ್ಣ, ಶಾಲಿನ ಅಂಚು ಯಾವುದೆಂದು ಮಕ್ಕಳು ಅವರನ್ನೇ ಕೇಳಿ ಬರೆದುಕೊಳ್ಳಬೇಕಾಯಿತು. ಕೇಳಲು ಹೋದವರು ಅವರ ಕಥೆಗಳನ್ನೂ ಕೇಳಿ ಬಂದರು.

ಹಳೆಯ ಗ್ರೂಪ್ ಫೋಟೋಗಳನ್ನು ಹುಡುಕುವಾಗ ಮಕ್ಕಳಿಗೆ ಒಂದು ಸಂಗತಿ ಕಂಡಿತು. ಬಹುಕಾಲ ನಮ್ಮ ಶಾಲೆಯ ಗಂಟೆ ಹೊಡೆದ ಜವಾನರು ಯಾವ ಫೋಟೋದಲ್ಲೂ ಇಲ್ಲ. ಬೆಂಚು ಹಾಕಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವರು ಪ್ರತಿ ವರ್ಷವೂ ಕ್ಯಾಮೆರಾದ ಹಿಂದೆ ಸರಿಯುತ್ತಿದ್ದರು. ನಿವೃತ್ತರಾಗಿ ಮನೆಯಲ್ಲಿರುವ ಅವರ ಫೋಟೋವನ್ನು ಮಕ್ಕಳೇ ಹೋಗಿ ತೆಗೆದು ತಂದರು. ನಮ್ಮ ಚಿತ್ರದಲ್ಲಿ ಅವರು ಮುಂದಿನ ಸಾಲಿನಲ್ಲಿದ್ದಾರೆ.

ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹನ್ನೊಂದು ಮುಖಗಳು ಇನ್ನೂ ಬಾಕಿ ಇವೆ. ಅವರಲ್ಲಿ ಕೆಲವರು ಈಗಿಲ್ಲ. ಹಳೆಯ ವಿದ್ಯಾರ್ಥಿಗಳ ಮನೆಯ ಪೆಟ್ಟಿಗೆಯಲ್ಲೋ ಆಲ್ಬಮ್ಮಿನಲ್ಲೋ ಅವರ ಒಂದು ಫೋಟೋ ಇದ್ದೀತು. ದಯಮಾಡಿ ತಂದು ತೋರಿಸಿ, ನಕಲು ತೆಗೆದು ಹಿಂತಿರುಗಿಸುತ್ತೇವೆ. ಮಹೋತ್ಸವದ ದಿನಕ್ಕೆ ಚಿತ್ರ ಮುಗಿಯದಿದ್ದರೆ ಆ ಹನ್ನೊಂದು ಜಾಗಗಳನ್ನು ಖಾಲಿಯಾಗಿಯೇ ಇಟ್ಟು ತೋರಿಸಬೇಕೆಂದು ಮಕ್ಕಳು ತೀರ್ಮಾನಿಸಿದ್ದಾರೆ. ಆಮೇಲೂ ಕೆಲಸ ಮುಂದುವರಿಯುತ್ತದೆ.