ಹೋಮಿ ಭಾಭಾ: ಬೆಂಗಳೂರಿನಿಂದ ಮೌಂಟ್ ಬ್ಲಾಂಕ್‌ವರೆಗೆ

1909ರ ಅಕ್ಟೋಬರ್ 30ರಂದು ಮುಂಬೈಯಲ್ಲಿ ಜನಿಸಿದ ಹೋಮಿ ಜಹಾಂಗೀರ್ ಭಾಭಾ ಅವರು ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಭೌತಶಾಸ್ತ್ರದ ಕಡೆ ಹೊರಳಿದರು. 1939ರಲ್ಲಿ ರಜೆಗೆ ಬಂದಾಗ ಎರಡನೇ ಮಹಾಯುದ್ಧ ಆರಂಭವಾಗಿ, ಮರಳಿ ಹೋಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸಿ.ವಿ. ರಾಮನ್ ಅವರಿದ್ದ ಭೌತಶಾಸ್ತ್ರ ವಿಭಾಗದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1945ರಲ್ಲಿ ಅಲ್ಲಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭಿಸಿದರು. ವರ್ಷಾಂತ್ಯಕ್ಕೆ ಅದು ಮುಂಬೈಗೆ ಹೋಯಿತು. ಮುಂದೆ ಆ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ಈ ಕಿರಣಗಳನ್ನು ಅಳೆದರು. ಹಟ್ಟಿ ಗಣಿಯನ್ನು ಬಲ್ಲ ಲಿಂಗಸುಗೂರಿನ ಮಕ್ಕಳಿಗೆ ಪಾಠ ಇಲ್ಲಿಂದಲೇ ಆರಂಭಿಸಬಹುದು.

1966ರ ಜನವರಿ 24ರಂದು ಭಾಭಾ ವಿಯೆನ್ನಾಕ್ಕೆ ಹೊರಟಿದ್ದರು. ಅವರಿದ್ದ ಏರ್ ಇಂಡಿಯಾ ವಿಮಾನ ಜಿನೀವಾದಲ್ಲಿ ಇಳಿಯುವ ಮೊದಲೇ ಮೋಡ ಮುಸುಕಿದ ಮೌಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯೂ ಮೃತಪಟ್ಟರು. ಶಿಖರ ದಾಟಿದೆವೆಂದು ಪೈಲಟ್ ಭಾವಿಸಿದ್ದರು. ಇನ್ನೂ ದಾಟಬೇಕಿದೆಯೆಂದು ರೇಡಾರ್ ನಿಯಂತ್ರಕರು ತಿಳಿಸಿದರೂ ಆ ಮಾತನ್ನು ಪೈಲಟ್ ತಪ್ಪಾಗಿ ಅರ್ಥಮಾಡಿಕೊಂಡರು ಎಂಬುದು ತನಿಖೆಯ ತೀರ್ಮಾನ.

ಹೇಳಿದ್ದೆಲ್ಲ ತಲುಪಿತೆಂದು ತರಗತಿಯಲ್ಲಿ ನಾವೂ ಭಾವಿಸುತ್ತೇವೆ. ಮಕ್ಕಳು ಹೂಂ ಅಂದರೆ ಸಾಲದು. ತಿಳಿದದ್ದನ್ನು ಅವರ ಮಾತಿನಲ್ಲೇ ಹೇಳಿಸಬೇಕು.