ಮೊಸರಿನಿಂದ ಮುಪ್ಪು ಗೆಲ್ಲಲು ಹೊರಟ ಮೆಚ್ನಿಕಾಫ್: ನಾರಿನಾಂಶದ ಹೊಸ್ತಿಲವರೆಗೆ ಬಂದು ನಿಂತ ನೊಬೆಲ್ ವಿಜ್ಞಾನಿ

ಕರುಳಿನ ಬ್ಯಾಕ್ಟೀರಿಯಾಗೂ ವಯಸ್ಸಾದ ಮೇಲೆ ಕಾಡುವ ಮರೆವಿಗೂ ನಂಟಿದೆ ಎಂಬ ಸುದ್ದಿಗಳು ಈಗ ಆಗಾಗ ಬರುತ್ತಿವೆ. ಆದರೆ ನೂರು ವರ್ಷಕ್ಕೂ ಹಿಂದೆಯೇ ಪ್ಯಾರಿಸ್‌ನಲ್ಲಿ ಕುಳಿತು ಇದೇ ಪ್ರಶ್ನೆ ಕೇಳಿದ ವಿಜ್ಞಾನಿಯೊಬ್ಬರಿದ್ದರು. ಅವರೇ ಎಲೀ ಮೆಚ್ನಿಕಾಫ್. ಎರಡು ಬಾರಿ ಸಾಯಲು ಯತ್ನಿಸಿದ್ದ ಈ ವ್ಯಕ್ತಿ, ಮುಂದೆ ಮನುಷ್ಯ ಹೆಚ್ಚು ಕಾಲ ಬದುಕುವುದು ಹೇಗೆ ಎಂಬುದನ್ನೇ ಬದುಕಿನ ಗುರಿ ಮಾಡಿಕೊಂಡಿದ್ದು ವಿಶೇಷ.

ಬಾಲ್ಯದಿಂದಲೇ ವಿಜ್ಞಾನದ ಗೀಳು

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಖಾರ್ಕಿವ್ ಬಳಿಯ ಹಳ್ಳಿಯೊಂದರಲ್ಲಿ. ಇಂದು ಅದು ಉಕ್ರೇನ್‌ಗೆ ಸೇರಿದೆ. ತಂದೆ ಸೇನಾಧಿಕಾರಿ. ಐವರು ಮಕ್ಕಳಲ್ಲಿ ಮೆಚ್ನಿಕಾಫ್ ಕೊನೆಯವರು. ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಓದನ್ನು ಎರಡೇ ವರ್ಷಗಳಲ್ಲಿ ಮುಗಿಸಿದರು. ನಂತರ ಜರ್ಮನಿ, ಇಟಲಿಯಲ್ಲಿ ಸಮುದ್ರ ಜೀವಿಗಳ ಅಧ್ಯಯನ ನಡೆಸಿ, ಇನ್ನೂ ಇಪ್ಪತ್ತರ ಹರೆಯದಲ್ಲೇ ಒಡೆಸಾದಲ್ಲಿ ಅಧ್ಯಾಪಕರಾದರು.

ವೃತ್ತಿ ಚೆನ್ನಾಗಿ ಸಾಗುತ್ತಿದ್ದರೂ ಮನೆಯಲ್ಲಿ ನೆಮ್ಮದಿ ಇರಲಿಲ್ಲ. 1869ರಲ್ಲಿ ಅವರು ಲುಡ್ಮಿಲಾ ಎಂಬಾಕೆಯನ್ನು ಮದುವೆಯಾದರು. ಕ್ಷಯದಿಂದ ಬಳಲುತ್ತಿದ್ದ ವಧುವನ್ನು ಚರ್ಚ್‌ಗೆ ಕುರ್ಚಿಯಲ್ಲಿ ಹೊತ್ತು ತರಬೇಕಾಯಿತು. ಪತ್ನಿಯನ್ನು ಉಳಿಸಿಕೊಳ್ಳಲು ಬೆಚ್ಚನೆಯ ಹವೆ ಹುಡುಕಿ ಊರೂರು ಅಲೆದರೂ ಫಲ ಸಿಗಲಿಲ್ಲ. 1873ರಲ್ಲಿ ಮಡೈರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡರು. ದುಃಖ ತಡೆಯಲಾಗದೆ ಮೆಚ್ನಿಕಾಫ್ ಜೀವ ಕಳೆದುಕೊಳ್ಳಲು ಯತ್ನಿಸಿದರು, ಬದುಕುಳಿದರು.

1875ರಲ್ಲಿ ಓಲ್ಗಾ ಅವರನ್ನು ಮದುವೆಯಾದ ಮೇಲೆ ಬದುಕು ಒಂದು ಹದಕ್ಕೆ ಬಂತು. ಆದರೆ ಕೆಲವೇ ವರ್ಷಗಳಲ್ಲಿ ಓಲ್ಗಾಗೆ ಟೈಫಾಯ್ಡ್ ತಗುಲಿ ಸ್ಥಿತಿ ಗಂಭೀರವಾಯಿತು. ಅದೇ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಗೊಂದಲವೂ ಎದ್ದಿತ್ತು. ಮನಸ್ಸು ಕುಸಿದ ಮೆಚ್ನಿಕಾಫ್ ರೋಗಿಯ ಸೋಂಕಿತ ರಕ್ತವನ್ನು ತಮ್ಮ ದೇಹಕ್ಕೆ ಚುಚ್ಚಿಕೊಂಡರು. ತೀವ್ರ ಜ್ವರ ಬಂತು, ಆದರೆ ಈ ಬಾರಿಯೂ ಉಳಿದರು. 1881ರಲ್ಲೇ ಅವರ ಅಣ್ಣ ಇವಾನ್ ನಡುವಯಸ್ಸಿನಲ್ಲಿ ತೀರಿಕೊಂಡರು. ಟಾಲ್‌ಸ್ಟಾಯ್ ಅವರ ‘ಇವಾನ್ ಇಲಿಚ್‌ನ ಸಾವು’ ಕಥೆಗೆ ಪ್ರೇರಣೆಯಾಗಿದ್ದು ಇದೇ ಸಾವು.

ಬದುಕು ಬದಲಿಸಿದ ಗುಲಾಬಿ ಮುಳ್ಳು

1882ರಲ್ಲಿ ಒಡೆಸಾದ ಕೆಲಸ ಬಿಟ್ಟ ಮೆಚ್ನಿಕಾಫ್ ಕುಟುಂಬದೊಂದಿಗೆ ಇಟಲಿಯ ಮೆಸ್ಸಿನಾಗೆ ಹೋದರು. ಅಲ್ಲಿ ಬಾಡಿಗೆ ಮನೆಯ ಕೋಣೆಯೇ ಪ್ರಯೋಗಾಲಯ. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ನಕ್ಷತ್ರ ಮೀನಿನ ಪಾರದರ್ಶಕ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಅವರಿಗೆ ಒಂದು ಯೋಚನೆ ಹೊಳೆಯಿತು. ಮರಿಯ ಮೈಯೊಳಗೆ ಓಡಾಡುವ ಕೋಶಗಳು ಹೊರಗಿನಿಂದ ಬಂದ ಶತ್ರುವಿನ ಮೇಲೆ ಎರಗಬಹುದಲ್ಲವೇ?

ಅಂಗಳಕ್ಕೆ ಹೋಗಿ ಗುಲಾಬಿ ಗಿಡದ ಮುಳ್ಳು ತಂದು ಮರಿಗೆ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನುಂಗುವ ಈ ಕೋಶಗಳಿಗೆ ‘ಫ್ಯಾಗೊಸೈಟ್’, ಅಂದರೆ ಭಕ್ಷಕ ಕೋಶ ಎಂಬ ಹೆಸರು ಬಂತು. ಈ ಸಂಶೋಧನೆಗಾಗಿಯೇ 1908ರಲ್ಲಿ ಪೌಲ್ ಎರ್ಲಿಖ್ ಜತೆ ಅವರಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು.

ಮೆಸ್ಸಿನಾದಿಂದ ಮರಳಿದ ಅವರು 1886ರಲ್ಲಿ ಒಡೆಸಾದ ಹೊಸ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರದ ಮುಖ್ಯಸ್ಥರಾದರು. ಆದರೆ ವೈದ್ಯಕೀಯ ಓದಿರದ ಅವರಿಗೆ ಸ್ಥಳೀಯ ವೈದ್ಯರಿಂದ ವಿರೋಧ ಎದುರಾಯಿತು. 1888ರಲ್ಲಿ ಲೂಯಿ ಪಾಸ್ಚರ್ ಪ್ಯಾರಿಸ್‌ನ ತಮ್ಮ ಸಂಸ್ಥೆಯಲ್ಲಿ ಜಾಗ ಕೊಟ್ಟರು. ಮೆಚ್ನಿಕಾಫ್ ಕೊನೆಯವರೆಗೂ ಅಲ್ಲೇ ದುಡಿದರು. ಒಡೆಸಾದ ಅವರ ಶಿಷ್ಯ ವಾಲ್ಡೆಮಾರ್ ಹಾಫ್ಕಿನ್ ಕೂಡ ಗುರುಗಳ ಹಿಂದೆಯೇ ಪ್ಯಾರಿಸ್‌ಗೆ ಬಂದರು. ಮುಂದೆ ಬಾಂಬೆಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದವರು ಇವರೇ. ಮುಂಬೈನ ಪರೇಲ್‌ನಲ್ಲಿರುವ ಹಾಫ್ಕಿನ್ ಸಂಸ್ಥೆಗೆ ಇವರದ್ದೇ ಹೆಸರು.

ದೊಡ್ಡ ಕರುಳಿನ ಮೇಲೆ ಕಣ್ಣು

ಐವತ್ತು ದಾಟಿದ ಮೇಲೆ ಮೆಚ್ನಿಕಾಫ್ ಗಮನ ಮುಪ್ಪಿನ ಕಡೆ ತಿರುಗಿತು. ಮುಪ್ಪಿನ ಅಧ್ಯಯನಕ್ಕೆ ‘ಜೆರೊಂಟಾಲಜಿ’ ಎಂಬ ಹೆಸರು ಕೊಟ್ಟವರೂ ಅವರೇ. ಮುಪ್ಪು ಸಹಜ ಎಂದು ಕೈಕಟ್ಟಿ ಕೂರುವುದನ್ನು ಅವರು ಒಪ್ಪಲಿಲ್ಲ. ಅದೂ ಒಂದು ಕಾಯಿಲೆಯಂತೆ, ಕಾರಣ ಗೊತ್ತಾದರೆ ನಿಧಾನಗೊಳಿಸಬಹುದು ಎಂಬುದು ಅವರ ನಂಬಿಕೆ.

ಅವರ ವಾದ ಹೀಗಿತ್ತು: ದೊಡ್ಡ ಕರುಳಿನಲ್ಲಿ ಆಹಾರದ ಉಳಿಕೆ ಕೊಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಫಿನಾಲ್, ಇಂಡೋಲ್‌ನಂಥ ವಿಷ ವಸ್ತುಗಳನ್ನು ಉತ್ಪಾದಿಸುತ್ತವೆ. ಅವು ರಕ್ತ ಸೇರಿ ಮೆದುಳಿನವರೆಗೂ ಹೋಗಿ ಕೋಶಗಳನ್ನು ದುರ್ಬಲಗೊಳಿಸುತ್ತವೆ. ಆಗ ದೇಹ ಕಾಯಬೇಕಾದ ಭಕ್ಷಕ ಕೋಶಗಳೇ ತಿರುಗಿಬಿದ್ದು ಮೆದುಳಿನ ನರಕೋಶಗಳನ್ನು ತಿನ್ನತೊಡಗುತ್ತವೆ. ವಯಸ್ಸಾದವರ ಬುದ್ಧಿ, ನೆನಪು ಮಸುಕಾಗಲು ಇದೇ ಕಾರಣ ಎಂದು ಅವರು ವಾದಿಸಿದರು. ಅಲೋಯಿಸ್ ಆಲ್ಝೈಮರ್ ತಮ್ಮ ಹೆಸರಿನ ಕಾಯಿಲೆಯ ಮೊದಲ ರೋಗಿಯ ಬಗ್ಗೆ ವೈದ್ಯರ ಸಭೆಯಲ್ಲಿ ವಿವರಿಸಿದ್ದೂ ಇದೇ ಕಾಲದಲ್ಲಿ, 1906ರಲ್ಲಿ.

ಮೆಚ್ನಿಕಾಫ್ ದೃಷ್ಟಿಯಲ್ಲಿ ದೊಡ್ಡ ಕರುಳು ಮನುಷ್ಯನಿಗೆ ಬೇಡವಾದ ಅಂಗ. ಹಕ್ಕಿಗಳಿಗೆ ದೊಡ್ಡ ಕರುಳು ತೀರಾ ಚಿಕ್ಕದು, ಗಾತ್ರಕ್ಕೆ ಹೋಲಿಸಿದರೆ ಅವು ಹೆಚ್ಚು ಕಾಲ ಬದುಕುತ್ತವೆ ಎಂಬುದನ್ನು ಅವರು ಉದಾಹರಣೆಯಾಗಿ ಕೊಟ್ಟರು. ಇಂಥ ಚಿಂತನೆಯ ಪ್ರಭಾವದಲ್ಲಿ ಲಂಡನ್‌ನ ಶಸ್ತ್ರಚಿಕಿತ್ಸಕ ಆರ್ಬತ್‌ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದದ್ದು ವೈದ್ಯಕೀಯ ಇತಿಹಾಸದ ಕಹಿ ಅಧ್ಯಾಯ.

ಪ್ಯಾರಿಸ್‌ನಲ್ಲಿ ಮೊಸರಿನ ಹುಚ್ಚು

ಮೆಚ್ನಿಕಾಫ್ ಸೂಚಿಸಿದ ದಾರಿ ಕತ್ತರಿಯದ್ದಲ್ಲ, ಮೊಸರಿನದ್ದು. ಬಲ್ಗೇರಿಯಾದಲ್ಲಿ ನೂರು ದಾಟಿದವರು ಹೆಚ್ಚು, ಅವರು ಹುಳಿ ಹಾಲು ಹೆಚ್ಚಾಗಿ ಕುಡಿಯುತ್ತಾರೆ ಎಂಬ ಮಾಹಿತಿ ಅವರ ಗಮನ ಸೆಳೆಯಿತು. ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂಬುದು ಲೆಕ್ಕಾಚಾರ. 1904ರಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪಿನ ಬಗ್ಗೆ ಅವರು ನೀಡಿದ ಉಪನ್ಯಾಸ ಪತ್ರಿಕೆಗಳಲ್ಲಿ ಭಾರೀ ಸುದ್ದಿಯಾಯಿತು. ಮುಪ್ಪಿಗೆ ಮದ್ದು ಸಿಕ್ಕಿತು ಎಂಬಂತೆ ಮೊಸರಿಗೆ ಬೇಡಿಕೆ ಬಂತು. ತಾವು ಹಾಗೆ ಹೇಳಿಲ್ಲ ಎಂದು ಮೆಚ್ನಿಕಾಫ್ ಸ್ಪಷ್ಟನೆ ಕೊಟ್ಟರೂ ಕೇಳುವವರು ಕಡಿಮೆ. ಸ್ವತಃ ಅವರು ನಿತ್ಯ ಹುಳಿ ಹಾಲು ಕುಡಿಯುತ್ತಿದ್ದರು, ಹಸಿ ಆಹಾರ ಮುಟ್ಟುತ್ತಿರಲಿಲ್ಲ.

ಆದರೆ ಒಂದು ತೊಡಕಿತ್ತು. ಹುಳಿ ತಯಾರಿಸುವ ಬ್ಯಾಕ್ಟೀರಿಯಾಗೆ ಸಕ್ಕರೆ ಅಂಶ ಬೇಕು. ನಾವು ತಿನ್ನುವ ಸಕ್ಕರೆ ದೊಡ್ಡ ಕರುಳು ತಲುಪುವ ಮೊದಲೇ ರಕ್ತ ಸೇರಿಬಿಡುತ್ತದೆ. ಹಾಗಾದರೆ ಅವುಗಳಿಗೆ ಊಟವೆಲ್ಲಿ? ಕೊನೆಯ ವರ್ಷಗಳಲ್ಲಿ ಮೆಚ್ನಿಕಾಫ್ ಇದಕ್ಕೂ ಉತ್ತರ ಹುಡುಕಿದರು. ಪಿಷ್ಟವನ್ನು ಕರುಳಿನಲ್ಲೇ ಸಕ್ಕರೆಯಾಗಿಸುವ ಬ್ಯಾಕ್ಟೀರಿಯಾವನ್ನು ನಾಯಿಯ ಕರುಳಿನಿಂದ ಬೇರ್ಪಡಿಸಿದರು. ಪ್ರಶ್ನೆ ಸರಿಯಾಗಿತ್ತು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನೇರವಾಗಿ ದೊಡ್ಡ ಕರುಳಿಗೆ ಇಳಿಯುವ ಆಹಾರ ಧಾನ್ಯ, ಕಾಳು, ತರಕಾರಿಯ ನಾರಿನಲ್ಲೇ ಇದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಮೊದಲ ಮಹಾಯುದ್ಧ ಅವರನ್ನು ಕುಗ್ಗಿಸಿತು. ಸಹೋದ್ಯೋಗಿಗಳು ಯುದ್ಧಕ್ಕೆ ಹೋದರು, ಪ್ರಯೋಗಾಲಯ ಖಾಲಿಯಾಯಿತು. 1916ರ ಜುಲೈ 15ರಂದು ಹೃದಯದ ತೊಂದರೆಯಿಂದ 71ನೇ ವಯಸ್ಸಿನಲ್ಲಿ ಮೆಚ್ನಿಕಾಫ್ ನಿಧನರಾದರು. ಸಾವಿಗೆ ಮುನ್ನ ಸಹೋದ್ಯೋಗಿಯೊಬ್ಬರ ಬಳಿ ಅವರು ಕೇಳಿಕೊಂಡಿದ್ದು ಒಂದೇ: ಶವಪರೀಕ್ಷೆ ಮಾಡುವಾಗ ಕರುಳನ್ನು ಸರಿಯಾಗಿ ನೋಡಬೇಕು. ಅವರ ಚಿತಾಭಸ್ಮ ಇಂದಿಗೂ ಪಾಸ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ವಿಜ್ಞಾನ ಇಂದು ಏನು ಹೇಳುತ್ತದೆ?

ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದು ನಂತರದ ಸಂಶೋಧನೆಗಳು ತೋರಿಸಿದವು. ದೊಡ್ಡ ಕರುಳು ಬೇಡವಾದ ಅಂಗ ಎಂಬ ಮಾತೂ ಸುಳ್ಳಾಯಿತು. ನಾರಿನಾಂಶವನ್ನು ಹುದುಗಿಸಿ ಅಲ್ಲಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರಕ್ಕೆ ಇದೇ ಮುಖ್ಯ ಇಂಧನ. ಉರಿಯೂತ ತಗ್ಗಿಸಲೂ ಇದು ನೆರವಾಗುತ್ತದೆ.

ಮೆದುಳಿನ ವಿಷಯದಲ್ಲಿ ಮೆಚ್ನಿಕಾಫ್ ಪೂರ್ತಿ ತಪ್ಪಾಗಿರಲಿಲ್ಲ. ಮೆದುಳಿಗೆ ಅದರದ್ದೇ ಭಕ್ಷಕ ಕೋಶಗಳಿವೆ, ಅವನ್ನು ಮೈಕ್ರೋಗ್ಲಿಯಾ ಎನ್ನುತ್ತಾರೆ. ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ಕೋಶಗಳು ಸರಿಯಾಗಿ ಬಲಿಯುವುದಿಲ್ಲ, ನಾರಿನಿಂದ ಸಿಗುವಂಥ ಕೊಬ್ಬಿನಾಮ್ಲ ಕೊಟ್ಟರೆ ಸುಧಾರಿಸುತ್ತವೆ ಎಂದು 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಜ್ಞಾನಿಗಳು ಕಂಡುಕೊಂಡರು.

ಜಪಾನ್‌ನಲ್ಲಿ 3,700ಕ್ಕೂ ಹೆಚ್ಚು ಮಂದಿಯನ್ನು ದಶಕಗಳ ಕಾಲ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವಯಸ್ಸಿನಲ್ಲಿ ನಾರಿನಾಂಶ ಹೆಚ್ಚು ತಿಂದವರಿಗೆ ಡಿಮೆನ್ಶಿಯಾ ಅಪಾಯ ಕಡಿಮೆ ಇತ್ತು. ಇದು ನಂಟು ಮಾತ್ರ, ನಾರು ತಿಂದರೆ ಮರೆವು ಬರುವುದೇ ಇಲ್ಲ ಎಂಬ ಪುರಾವೆಯಲ್ಲ. ಲಂಡನ್‌ನ ಕಿಂಗ್ಸ್ ಕಾಲೇಜು 60 ದಾಟಿದ 36 ಅವಳಿ ಜೋಡಿಗಳ ಮೇಲೆ 12 ವಾರ ನಡೆಸಿದ ಪ್ರಯೋಗದಲ್ಲಿ ನಾರಿನ ಪುಡಿ ಸೇವಿಸಿದವರು ನೆನಪಿನ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದರು. ಇದೂ ಚಿಕ್ಕ ಪ್ರಯೋಗವೇ.

ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂಬುದು ಅಂದಾಜು. ಹೀಗಾಗಿ ಮೆಚ್ನಿಕಾಫ್ ಕೇಳಿದ ಪ್ರಶ್ನೆ ಇಂದು ಮನೆಮನೆಯ ಪ್ರಶ್ನೆ. ಮೊಸರಿನ ಬಟ್ಟಲು ಅವರು ತೋರಿಸಿಕೊಟ್ಟರು. ಅದರ ಪಕ್ಕದಲ್ಲೇ ಇರುವ ರಾಗಿ ಮುದ್ದೆ, ಹುರುಳಿಕಾಳು, ಸೊಪ್ಪಿನ ಪಲ್ಯದ ಲೆಕ್ಕವನ್ನು ನಂತರ ಬಂದ ವಿಜ್ಞಾನಿಗಳು ಸೇರಿಸುತ್ತಿದ್ದಾರೆ.